ನಾಲ್ಕು ಎಣಿಕೆಯ ಮೌನ

ಆ ಬೆಳಿಗ್ಗೆ ಅಮೆರಿಕದ ಮಿನೆಸೋಟದ ಮೈದಾನದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ವಿಶ್ವವಿದ್ಯಾಲಯದ ಬ್ಯಾಂಡಿನ ಇನ್ನೂರು ಮಂದಿ ಅಭ್ಯಾಸದ ನಡುವೆ ಉಸಿರು ಬಿಗಿಹಿಡಿದು ನಿಂತಿದ್ದರು. ಹಾಡಿನ ನಡುವೆ ಬರುವ ನಾಲ್ಕು ಎಣಿಕೆಯ ಮೌನ ಅದು. ಅಷ್ಟರೊಳಗೆ ಯಾರ ತುತ್ತೂರಿ ಕೂಗಿತೋ ಅವರಿಗೆ ಮಧ್ಯಾಹ್ನದ ಫುಟ್ಬಾಲ್ ಆಟದ ಹೊತ್ತಿಗೆ ಬ್ಯಾಂಡಿನ ಸಾಲಿನಲ್ಲಿ ಜಾಗವಿಲ್ಲ, ದೂರದ ಬೆಂಚೇ ಗತಿ. ಮೊದಲ ವರ್ಷದ ಮಾರಿಟ್ ದೇವರನ್ನು ನೆನೆಯುತ್ತ ಎಣಿಸುತ್ತಿದ್ದಳು.

ಹೋದ ಶನಿವಾರ ಕೂಗಿದ್ದು ಅವಳದೇ. ಹೆದರಿಕೆಯಿಂದ ಅವಳು ಬಾಯೇ ಬಿಡದಿದ್ದಾಗ, ಪಕ್ಕದಲ್ಲಿದ್ದ ಕೊನೆಯ ವರ್ಷದ ವೆಂಡೆಲ್ ಕೈಯೆತ್ತಿ, "ನಂದೇ ಮೇಡಂ, ತಪ್ಪಾಯ್ತು" ಎಂದು ಬೆಂಚಿಗೆ ಹೋಗಿದ್ದ. ಯಾಕೆ ಒಪ್ಪಿಕೊಂಡೆ ಎಂದು ಅವಳು ಆಮೇಲೆ ಕೇಳಿದರೆ, "ನೀನ್ಯಾಕೆ ಬ್ಯಾಂಡಿಗೆ ಸೇರ್ಕೊಂಡೆ, ಅದನ್ನ ಹೇಳು. ಬಿಟ್ಟಿ ಪಿಜ್ಜಾಕ್ಕಾ?" ಎಂದು ನಕ್ಕಿದ್ದ. ಈ ಊರಿನಲ್ಲಿ ಒಬ್ಬಳೇ ಕೂತು ಉಣ್ಣಲು ಭಯವಾಗಿ ಸೇರಿದೆ ಎಂದು ಹೇಳಲು ಅವಳಿಗೆ ನಾಚಿಕೆಯಾಗಿತ್ತು.

ಎರಡು. ಮೂರು. ಪಕ್ಕದಲ್ಲೇ ತುತ್ತೂರಿಯೊಂದು ಕಿರುಚಿತು.

"ಯಾರಪ್ಪಾ ಅದು, ಹೆಬ್ಬಾತಿನ ಹಾಗೆ ಕಿರುಚಿದ್ದು?" ಏಣಿಯ ಮೇಲೆ ನಿಂತು ಬ್ಯಾಂಡ್ ನಡೆಸುತ್ತಿದ್ದ ಮೇಡಂ ಕೇಳಿದರು.

ಯಾರೂ ನಗಲಿಲ್ಲ. ವೆಂಡೆಲ್‌ನ ಮುಖ ಬಿಳಿಚಿಕೊಂಡಿತ್ತು; ಈ ಸಲ ಕೂಗಿದ್ದು ಅವನದೇ. ಇವತ್ತು ಬ್ಯಾಂಡಿನಲ್ಲಿ ಅವನ ಕೊನೆಯ ಆಟ. ನೋಡಲೆಂದು ಅವನ ತಾಯಿ ಎಂಟು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದರು. ಅವನು ಕೈಯೆತ್ತುವ ಮೊದಲೇ ಮಾರಿಟ್ ಸಾಲಿನಿಂದ ಒಂದು ಹೆಜ್ಜೆ ಮುಂದಿಟ್ಟಳು. ಇನ್ನೂರು ಮುಖಗಳು ಅವಳತ್ತ ತಿರುಗಿದ್ದವು.

"ನಂದು ಮೇಡಂ," ಎಂದಳು. ವೆಂಡೆಲ್‌ನ ಕಡೆ ನೋಡದೆ, ಆ ಖಾಲಿ ಬೆಂಚಿನತ್ತ ಒಬ್ಬಳೇ ನಡೆದಳು.