ದೋಣಿಯ ಹಾಲು

ಅಟ್ಟದ ಮೇಲೆ ದೋಣಿ ಇರಲಿಲ್ಲ.

ಮೈಲಾರೇಶ್ ಏಣಿಯ ತುದಿಯಲ್ಲಿ ನಿಂತು ಮತ್ತೊಮ್ಮೆ ಕೈಯಾಡಿಸಿದ. ಧೂಳಿನಲ್ಲಿ ಅದರ ಗುರುತು ಮಾತ್ರ ಉಳಿದಿತ್ತು. ಅಜ್ಜನ ಕಾಲದ ಕಟ್ಟಿಗೆ ಬಟ್ಟಲು, ದೇವರ ದೋಣಿ. ಪಕ್ಕದಲ್ಲಿ ಮಡಚಿಟ್ಟಿದ್ದ ಕರಿ ಕಂಬಳಿಯೂ ಮಾಯ.

"ಯವ್ವಾ, ದೋಣಿ ಎಲ್ಲೈತಿ?"

ಜಂಬಕ್ಕ ಒಲೆಯ ಮುಂದಿನಿಂದ ಏಳಲಿಲ್ಲ. "ನಿಮ್ಮಪ್ಪನ್ನ ಕೇಳು. ಅಟ್ಟಕ್ಕ ಹಾಕಿಸಿದಾವನೂ ನೀನ, ಈಗ ಹುಡುಕಾವನೂ ನೀನ."

ಮಾತು ನೆಟ್ಟಗೆ ಬಂದು ನಾಟಿತು. ಹಾಕಿಸಿದ್ದು ಅವನೇ. ಅಪ್ಪ ಬಂಗಾರಪ್ಪ ಮೈಲಾರಲಿಂಗನ ಗೊರವಯ್ಯ. ದೇವರ ನಾಯಿ. ಸೇವೆಯ ದಿನ ಬೊಗಳಿ, ನೆಲಕ್ಕೆ ಬಗ್ಗಿ, ದೋಣಿಯೊಳಗಿನ ಹಾಲು ಬಾಳೆಹಣ್ಣಿಗೆ ಬಾಯಿ ಹಚ್ಚಬೇಕು. ಎಂಟನೇ ಕ್ಲಾಸಿನಲ್ಲಿ ಮೈಲಾರೇಶ್ ಒಳಗೆ ಕಾಲಿಟ್ಟಾಗಲೆಲ್ಲ ಹಿಂದಿನ ಬೆಂಚಿನಿಂದ "ಬೌ ಬೌ" ಬರುತ್ತಿತ್ತು. ಒಂದು ದಿನ ಒಬ್ಬನ ಹಲ್ಲು ಉದುರಿಸಿ ಮನೆಗೆ ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. "ನಾಯಿ ಆಗು, ಇಲ್ಲಾ ನನಗ ಅಪ್ಪ ಆಗು. ಎರಡೂ ಆಗಂಗಿಲ್ಲ," ಅಂದಿದ್ದ. ಅವತ್ತೇ ಬಂಗಾರಪ್ಪ ದೋಣಿಯನ್ನೂ ಸೇವೆಗೆ ಹೊದೆಯುವ ಕಂಬಳಿಯನ್ನೂ ಅಟ್ಟಕ್ಕೇರಿಸಿದ್ದ.

ಈಗ ಅದು ಎಲ್ಲಿಗೆ ಹೋಗಿದೆ ಎಂಬ ಗುಮಾನಿ ಮೈಲಾರೇಶನಿಗೆ ಹುಟ್ಟಿದ್ದು ಅದೇ ದಿನ, ಅಂಗಡಿಯಲ್ಲಿ. ತೋಳನಾಯಿ ಕಾಂಪೌಂಡಿಗೆ.

ಕೂಡ್ಲಿಗಿ ರಸ್ತೆಯ ಕಲ್ಲುಭೂಮಿಗೆ ತಂತಿಬೇಲಿ ಹಾಕಿಸಿ ಕೂತವಳು ಗೀತಾಂಜಲಿ, ಹೊಸಪೇಟೆ ಕಡೆಯವಳು. ಹರಪನಹಳ್ಳಿ ಹತ್ತಿರದ ಒಬ್ಬ ಸಾವ್ಕಾರ ತೋಳಕ್ಕೂ ನಾಯಿಗೂ ಹುಟ್ಟಿದ ಎರಡು ಮರಿ ತಂದು ತೋಟದ ಮನೆಯಲ್ಲಿ ಶೋಕಿಗೆ ಕಟ್ಟಿದ್ದನಂತೆ. ಶೋಕಿ ತೀರಿದ ಮೇಲೆ ಸರಪಳಿಯಲ್ಲೇ ಕೂಳಿಲ್ಲದೆ ಬಿಟ್ಟನಂತೆ. ಇವಳು ಬಿಡಿಸಿಕೊಂಡು ಬಂದಳಂತೆ, ಸಾಯುವ ತನಕ ಸಾಕುತ್ತಾಳಂತೆ. ಎಲ್ಲಾ ಅಂತೆ. ಗೇಟಿಗೆ ಹಸಿರು ಪರದೆ ಕಟ್ಟಿ, ಯಾರನ್ನೂ ಒಳಗೆ ಬಿಡದವಳ ಮಾತನ್ನು ನಂಬುವುದು ಹೇಗೆ?

ಬಿಡುವುದು ಒಬ್ಬನನ್ನೇ. ಅದನ್ನು ಹೇಳಿದವನು ಓಬಳೇಶ್, ಮೈಲಾರೇಶನ ಪಂಕ್ಚರ್ ಅಂಗಡಿಯಲ್ಲಿ, ಬೈಕು ಒರಗಿಸಿಕೊಂಡು.

"ನಿಮ್ಮಪ್ಪ ದಿನಾ ಸಂಜಿಮುಂದ ಹಾಲಿನ ಕ್ಯಾನು ಹಿಡಕೊಂಡು ಆಯಮ್ಮನ ಗೇಟಿನಾಗ ಹೊಕ್ಕಾನಲೇ. ಬಗಲಾಗ ಕಂಬಳಿ ಬ್ಯಾರೆ. ಈ ಬಿಸಿಲಾಗ ಮುದುಕಗ ಎಂಥಾ ಚಳಿನೋ!"

"ಬಾಯಿ ಮುಚ್ಚತೀಯೋ, ಟ್ಯೂಬಿನ ಬದಲಿ ನಿನ್ನ ಬಾಯಿಗೇ ಪ್ಯಾಚ್ ಹಾಕ್ಲೋ?"

"ಹಾಕಪಾ. ಆದ್ರ ಇದೊಂದು ಕೇಳು. ಎರಡ ಅದಾವ ಅಂತಾಳಲ್ಲ ಆಯಮ್ಮ? ನಿನ್ನೆ ಪರದಿ ಸಂದಿನಾಗ ನಾನು ಮೂರು ನೋಡೀನಿ. ಮೂರನೇದು ಕರೀದು. ಬೊಗಳೋದು ಅದೊಂದ. ಉಳಿದವು ಪಿಟ್ ಅನ್ನಂಗಿಲ್ಲ."

ಪ್ಯಾಚ್ ಹಚ್ಚುವ ಕೈ ನಿಂತಿತು. ಒಳಗೇನು ನಡೆಯುತ್ತಿದೆ? ಅಪ್ಪ ದೋಣಿಯನ್ನು ಮಾರಿದನೇ? ಪೇಟೆಯವರು ಹಳೆ ಕಟ್ಟಿಗೆ ಸಾಮಾನು ಕಂಡರೆ ಬಿಡುವುದಿಲ್ಲ. ಅಥವಾ ಓಬಳೇಶನ ನಗೆಯೊಳಗಿದ್ದ ಆ ಇನ್ನೊಂದು ಸಂಗತಿಯೇ? ಮೊನ್ನೆ ಅಪ್ಪನ ಮೊಣಕೈ ತರಚಿತ್ತು, ಮೊಣಕಾಲಿಗೆ ಮಣ್ಣು ಮೆತ್ತಿತ್ತು. ಕೇಳಿದ್ದಕ್ಕೆ "ಎಡವಿದ್ನೆಪ್ಪಾ" ಅಂದು ಮೀಸೆ ಒರೆಸಿಕೊಂಡಿದ್ದ. ಸುಳ್ಳು ಹೇಳುವಾಗಲೆಲ್ಲ ಅಪ್ಪ ಮೀಸೆ ಒರೆಸಿಕೊಳ್ಳುತ್ತಾನೆ.

ಹೆಂಡತಿ ರೇಣುಕಾ ಬಸುರಿ. ತನ್ನ ಬೆನ್ನಿಗೆ ಬೊಗಳಿದ ಊರು ನಾಳೆ ತನ್ನ ಕೂಸಿನ ಬೆನ್ನಿಗೂ ಏನಾದರೊಂದು ಅಂಟಿಸಲಿಕ್ಕೆ ಕಾದು ಕೂತಿದೆ. ಆ ಅಂಟನ್ನು ಅಪ್ಪನೇ ಕಲಸಿ ಕೊಡುತ್ತಿದ್ದಾನೆ.

ಟೈರು ಬಿಚ್ಚುವ ಕಬ್ಬಿಣದ ಲಿವರ್ ಹಿಡಿದು ಮೈಲಾರೇಶ್ ಎದ್ದ.

ಅವನು ಕಾಂಪೌಂಡು ಮುಟ್ಟುವಾಗ ಹೊತ್ತು ಇಳಿದಿತ್ತು. ಗೇಟಿಗೆ ಬೀಗವಿರಲಿಲ್ಲ. ಒಳಗೆ ಬೇವಿನ ಮರದ ಮರೆಯಲ್ಲಿ ಗೀತಾಂಜಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಅವನ ಕೈಯ ಲಿವರ್ ನೋಡಿದಳು. ಹೆದರಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು.

"ಸದ್ದು ಮಾಡಬ್ಯಾಡ ಅಣ್ಣಾ, ಕೈ ಮುಗೀತೀನಿ. ಬಂದಾಗಿಂದ ಇವು ಮನುಷ್ಯಾರು ಇಟ್ಟಿದ್ದನ್ನ ಮೂಸಿನೂ ನೋಡಿರಲಿಲ್ಲ. ಡಾಕ್ಟರೂ ಕೈಬಿಟ್ಟಿದ್ರು."

"ನಮ್ಮಪ್ಪ ಎಲ್ಲಿ?"

"ಬಂಗಾರಪ್ಪಜ್ಜನ ಮಗನಾ ನೀನು?" ಅವಳ ದನಿ ಇನ್ನಷ್ಟು ತಗ್ಗಿತು. "ಅವರಿಂದ ಇವು ಉಳಿದಾವ. ಊಟ ಆಗಲಿ, ತಡಿ."

"ಎಲ್ಲಿ ಅಂದೆ."

ಅವಳು ಚಪ್ಪರದ ಕಡೆ ಕೈ ತೋರಿದಳು.

ನೆರಳಿನಲ್ಲಿ ಮೂರು ಬೆನ್ನು. ಎರಡು ಬೂದು ಬಣ್ಣದವು, ಎಲುಬು ಎದ್ದವು. ಸರಪಳಿ ತಿಂದ ಕೊರಳ ಸುತ್ತ ರೋಮವೇ ಇರಲಿಲ್ಲ. ನಡುವೆ ಕರಿಯದು, ದೊಡ್ಡದು. ಓಬಳೇಶ್ ಸುಳ್ಳು ಹೇಳಿರಲಿಲ್ಲ. ಮೂರರ ಮುಂದೆ ಅದೇ ದೋಣಿ. ದೇವರ ದೋಣಿಯಲ್ಲಿ ಕಂಡಕಂಡ ನಾಯಿ!

ಕರಿಯದು ಸಣ್ಣಗೆ ಬೊಗಳಿತು. ಆ ದನಿಗೆ ಮೈಲಾರೇಶನ ಕಿವಿ ಕಾದವು. ಎಲ್ಲೋ ಕೇಳಿದ ದನಿ. ಲಿವರ್ ಎತ್ತಿ ಒಂದು ಹೆಜ್ಜೆ ಇಟ್ಟ.

ಬೂದು ನಾಯಿಗಳು ಬಾಲ ಹೊಟ್ಟೆಯಡಿ ಸಿಕ್ಕಿಸಿಕೊಂಡು ಬೇಲಿಯ ಮೂಲೆಗೆ ಹಾರಿದವು. ನಡುಗುತ್ತಾ ಒಂದಕ್ಕೊಂದು ಒತ್ತಿಕೊಂಡವು. ಕರಿಯದು ಕದಲಲಿಲ್ಲ. ಏನೂ ಆಗಿಲ್ಲವೆಂಬಂತೆ ದೋಣಿಗೆ ಬಾಯಿ ಹಚ್ಚಿ ಲೊಚಲೊಚ ಹಾಲು ಹೀರಿತು. ತಡೆಯಿತು. ಮತ್ತೆ ಹೀರಿತು. ಮೂಲೆಯಿಂದ ಒಂದು ಮೂತಿ ಮುಂದೆ ಬಂತು. ಹೊಟ್ಟೆ ನೆಲಕ್ಕೆ ಎಳೆಯುತ್ತ ಬಂದು ಕರಿಯದರ ಮಗ್ಗುಲಲ್ಲೇ ನಾಲಿಗೆ ಚಾಚಿತು. ಹಿಂದೆಯೇ ಇನ್ನೊಂದು.

ಎತ್ತಿದ ಕೈ ತಾನಾಗಿ ಇಳಿಯಿತು. ಲಿವರನ್ನು ಸದ್ದಾಗದಂತೆ ನೆಲಕ್ಕಿಟ್ಟ.

ಕರಿಯದು ಆಗ ತಲೆಯೆತ್ತಿ ಅವನನ್ನೇ ನೋಡಿತು, ಕಂಬಳಿಯೊಳಗಿಂದ ಒಂದು ಕೈ ತೆಗೆದು, ಹಾಲು ಮೆತ್ತಿದ್ದ ಮೀಸೆ ಒರೆಸಿಕೊಂಡಿತು.