ಎರಡೂ ಎಡತೋಳು

ಹೆಡ್ ಮೇಷ್ಟ್ರ ಕೋಟಿಗೆ ತಂಗಿ ಎರಡೂ ಎಡತೋಳುಗಳನ್ನೇ ಕತ್ತರಿಸಿಟ್ಟಿದ್ದಳು. ಅಣ್ಣ ಅವನ್ನು ಅಂಗಡಿಯ ಮೇಜಿನ ಮೇಲೆ ಅಕ್ಕಪಕ್ಕ ಹಾಸಿ ತಿರುಗಿಸಿ ನೋಡಿದ, ಮಗುಚಿ ನೋಡಿದ. ಬಟ್ಟೆಯ ಒಳಮೈ ಹೊರಮೈ ಬೇರೆ ಬೇರೆ, ಮಗುಚಿ ಹೊಲಿಯುವಂತೆಯೂ ಇರಲಿಲ್ಲ.

“ಮೇಷ್ಟ್ರಿಗೆ ಬಲಗೈ ಬೇಡ ಅಂದ್ಕೊಂಡ್ಯಾ?”

ತಂಗಿಯ ಮುಖ ಸಣ್ಣದಾಯಿತು. ಬಟ್ಟೆ ಉಳಿಯಲೆಂದು ಒಂದೊಂದೇ ತೋಳು ಕತ್ತರಿಸುವುದು ಇವರ ಅಂಗಡಿಯ ಪದ್ಧತಿ. ಎರಡನೆಯದಕ್ಕೆ ಅಳತೆ ಕಾಗದವನ್ನು ಮಗುಚಿ ಹಾಕಬೇಕು. ಅಪ್ಪನ ಕಾಲದಿಂದ ಕತ್ತರಿ ಹಿಡಿದವಳು ಅದನ್ನೇ ಮರೆತಿದ್ದಳು.

ಮನಸ್ಸಿನ ಡಾಕ್ಟರು ಕೊಟ್ಟ ಹೊಸ ಮಾತ್ರೆ ಶುರುವಾಗಿ ಇದು ಎರಡನೇ ವಾರ. ಬಾಯಿ ಒಣಗುತ್ತಿತ್ತು, ತಲೆಯೊಳಗೆ ಹತ್ತಿ ತುರುಕಿದ ಹಾಗಿತ್ತು, ಹಗಲಲ್ಲೇ ಕಣ್ಣು ಎಳೆಯುತ್ತಿತ್ತು. ಮನಸ್ಸು ಪೂರ್ತಿ ಹಗುರಾಗಲು ಇನ್ನೂ ಕೆಲವು ವಾರ ಬೇಕಂತೆ. ಕಷ್ಟ ಮೊದಲು, ಗುಣ ಆಮೇಲೆ. ಇದೆಂಥ ವ್ಯಾಪಾರವೋ!

ಅಣ್ಣ ಅವಳ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ತನ್ನ ಜೇಬಿಗೆ ಇಳಿಸಿದ. ಕೆಟ್ಟವನಲ್ಲ ಪಾಪ, ಗಾಬರಿ ಬಿದ್ದಿದ್ದ. “ಮದುವೆ ಸೀಸನ್ ಮುಗಿಯೋ ತನಕ ಇದು ನನ್ನ ಹತ್ರ ಇರ್ಲಿ. ಆಮೇಲೆ ಬೇಕಾದ್ರೆ ತಗೊಳ್ಳುವಿಯಂತೆ.”

ಒಂದು ಕ್ಷಣ ಅವಳಿಗೂ ಆಸೆಯಾಯಿತು. ಬಿಟ್ಟುಬಿಟ್ಟರೆ ತಲೆ ತಿಳಿಯಾದೀತು. ಆಮೇಲೆ? ಮತ್ತೆ ಅದೇ ಮಂಚ, ಅದೇ ಗೋಡೆ. ಅವಳು ಕೈ ಚಾಚಿದಳು.

“ಕೊಡಣ್ಣ. ನಿದ್ದೆ ಎಳೆಯುತ್ತೆ ಅಂತ ಈಗಲೇ ಡಾಕ್ಟರಿಗೆ ಫೋನ್ ಮಾಡ್ತೀನಿ. ಮಾತ್ರೆ ತಗೊಳ್ಳೋ ಹೊತ್ತು ಬದಲಾಯಿಸ್ಬೇಕೋ ಏನೋ, ಅವರು ಹೇಳ್ಲಿ. ನಿಲ್ಸೋಕೆ ನೀನೂ ಡಾಕ್ಟರಲ್ಲ, ನಾನೂ ಡಾಕ್ಟರಲ್ಲ. ಅಲ್ಲೀವರೆಗೆ ಕತ್ತರಿ ನಿಂದು, ಹೊಲಿಗೆ ನಂದು.”

“ಮೇಷ್ಟ್ರಿಗೇನು ಹೇಳ್ತೀಯ?”

“ಉಳಿದ ತುಂಡಲ್ಲಿ ಬಲತೋಳು ಬರುತ್ತೆ, ಕಂಕುಳಲ್ಲಿ ಮಾತ್ರ ಒಂದು ತುಂಡು ಜೋಡಿಸ್ಬೇಕಾಗುತ್ತೆ. ತಪ್ಪು ನಂದು ಅಂತ ನಾನೇ ಹೇಳ್ತೀನಿ. ಬೈದ್ರೆ ಬೈಲಿ, ಬೈಯೋದೇ ಅವರ ಕೆಲಸ.”

ಅಣ್ಣನಿಗೆ ನಗು ಬಂತು, ನುಂಗಿಕೊಂಡ. “ಆದ್ರೂ ಯೋಚ್ನೆ ಮಾಡು. ಈ ಮಾತ್ರೆಗೆ ಮುಂಚೆ ನೀನು ಒಂದೇ ಒಂದು ಬಟ್ಟೆ ಕೆಡಿಸಿದ್ದುಂಟಾ?”

“ಇಲ್ಲ,” ಅಂದಳು ತಂಗಿ. “ಇದಕ್ಕೆ ಮುಂಚೆ ಅಷ್ಟು ತಿಂಗಳು ನಾನು ಹಾಸಿಗೆ ಬಿಟ್ಟು ಎದ್ದೇ ಇರ್ಲಿಲ್ಲ. ಮಲಗಿದವಳ ಕೈಲಿ ಯಾವ ಬಟ್ಟೆ ಕೆಡುತ್ತೆ ಅಣ್ಣ?”

ಅಣ್ಣ ಜೇಬಿಗೆ ಕೈ ಹಾಕುವವರೆಗೂ ಅವಳು ಚಾಚಿದ ಕೈ ಇಳಿಸಲಿಲ್ಲ.