ಹೊಸ ಪ್ಲೇಯರಿನಲ್ಲಿ ಹಳೆಯ ಮದುವೆ

ದೊಡ್ಡ ಟೀವಿಗೆ ಹೊಂದುವ ಹೊಸ ಡಿವಿಡಿ ಪ್ಲೇಯರ್ ತಂದವಳೇ ಮಗಳು ತನ್ನ ಮದುವೆಯ ಡಿಸ್ಕ್ ಹಾಕಿದಳು. ಹಳೆಯದರಲ್ಲಿ ಮುಖಗಳೆಲ್ಲ ಬರೀ ಮಸುಕು.

“ಇನ್ನು ಎಲ್ಲರೂ ಚೆನ್ನಾಗಿ ಕಾಣ್ತಾರಮ್ಮ.”

“ನಾನೂ ಕಾಣ್ತೀನೇನೇ?” ಅಮ್ಮ ಕೇಳಿದಳು.

ಸೋಫಾದಲ್ಲಿದ್ದ ದೊಡ್ಡಪ್ಪ ನಕ್ಕರು. “ನೀನೆಲ್ಲಿ ಕಾಣ್ತೀಯಮ್ಮ? ಗಂಡ ಇಲ್ಲದೋಳು ಮಂಟಪದ ಹತ್ರ ಸುಳೀಬಾರದು ಅಂತ ನಾನೇ ನಿನ್ನ ಅಡುಗೆಮನೇಲಿ ಕೂರಿಸಿದ್ನಲ್ಲ!”

ಮಗಳಿಗೆ ಮೈಯೆಲ್ಲ ಉರಿಯಿತು. ಅಮ್ಮ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

ಗಟ್ಟಿಮೇಳ ಮೊಳಗಿತು. ವರ ತಾಳಿ ಕಟ್ಟುತ್ತಿದ್ದಂತೆ, ಪರದೆಯಲ್ಲಿ ಮಂಟಪದ ಬಳಿ ನಿಂತಿದ್ದ ದೊಡ್ಡಪ್ಪನ ಬೆನ್ನ ಹಿಂದಿನ ಕಂಬದ ಮರೆಯಿಂದ ಬಳೆಯಿಲ್ಲದ ಕೈಯೊಂದು ಚಾಚಿ, ವಧುವಿನ ತಲೆಯ ಮೇಲೆ ಅಕ್ಷತೆ ಎರಚಿತು.

ಮಗಳು ರಿಮೋಟ್ ಹಿಡಿದೇ ಪರದೆಯ ಹತ್ತಿರ ಸರಿದಳು.

“ಯಾರದು ಆ ಕೈ?” ದೊಡ್ಡಪ್ಪ ಮುಂದಕ್ಕೆ ಬಾಗಿದರು.

ಅಮ್ಮ ಮಗಳ ಕೈಯಿಂದ ರಿಮೋಟ್ ತೆಗೆದುಕೊಂಡಳು.

“ಇರಿ ಭಾವ, ಹಿಂದಕ್ಕೆ ಹಾಕ್ತೀನಿ. ಸರಿಯಾಗಿ ನೋಡಿ.”